ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು

ಅಡುಗೆಮನೆಯ ನಲ್ಲಿ ಮೂರು ದಿನದಿಂದ ತೊಟ್ಟಿಕ್ಕುತ್ತಿತ್ತು. ಒಂದೇ ಹಿಡಿಯ ನಲ್ಲಿ. ಹಿಡಿ ಎತ್ತಿ ಎಡಕ್ಕೆ ತಿರುಗಿಸಿದರೆ ಗೀಸರಿನ ಬಿಸಿನೀರು, ಬಲಕ್ಕೆ ತಿರುಗಿಸಿದರೆ ತಣ್ಣೀರು, ಕೆಳಗೆ ಒತ್ತಿದರೆ ಏನೂ ಬರಬಾರದು. ಬರುತ್ತಿತ್ತು.

"ನನ್ನ ತಮ್ಮನಿಗೆ ಫೋನ್ ಮಾಡಿದೀನಿ. ಮಧ್ಯಾಹ್ನ ಬರ್ತಾನಂತೆ, ಇನ್ನೊಂದು ಕೀ ಅವನ ಹತ್ರಾನೇ ಇದೆ. ನೀವು ಮುಟ್ಟಬೇಡಿ," ಎಂದು ಹೇಳಿ ಹೆಂಡತಿ ಕೆಲಸಕ್ಕೆ ಹೊರಟಳು.

ನೀವು ಮುಟ್ಟಬೇಡಿ. ಹನ್ನೊಂದು ವರ್ಷದ ಸಂಸಾರದಲ್ಲಿ ನಮ್ಮ ಗುಮಾಸ್ತ ಈ ಮಾತನ್ನು ಮಿಕ್ಸಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲದರ ವಿಷಯದಲ್ಲೂ ಕೇಳಿದ್ದ. ಮನೆಯಲ್ಲಿ ನೆಟ್ಟಗೆ ನಡೆಯುವುದೆಲ್ಲ ಭಾಮೈದನ ಕೈಗುಣ, ಕೆಟ್ಟು ಕೂತದ್ದೆಲ್ಲ ಗುಮಾಸ್ತನ ಪ್ರತಾಪ. ಒಂದೇ ಒಂದು ವಸ್ತುವನ್ನು ತಾನು ಸರಿಮಾಡಿ, ಅದನ್ನು ಅವಳು ಒಪ್ಪಿಕೊಳ್ಳಬೇಕು. ಹೊಗಳುವುದೇನೂ ಬೇಡ, ಒಪ್ಪಿದರೆ ಸಾಕು. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಉಳಿದಿರಲಿಲ್ಲ.

ಅವಳು ಬೀದಿಯ ತಿರುವು ದಾಟಿದ್ದೇ ತಡ, ಹೊಟ್ಟೆನೋವೆಂದು ಆಫೀಸಿಗೆ ತಿಳಿಸಿ ತೋಳು ಮಡಚಿದ.

ಸ್ಪ್ಯಾನರ್ ಕೈಜಾರಿ ಬಿದ್ದ ಸದ್ದಿಗೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಹಾಜರಾದರು. ನಿವೃತ್ತರಾದಾಗಿನಿಂದ ಪಾಠ ಹೇಳಲು ಅವರಿಗೆ ಯಾರೂ ಸಿಕ್ಕಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಗುಮಾಸ್ತ ಸಿಂಕಿನ ಕೆಳಗೆ ತೂರಿ ವಾಲ್ವ್ ನಿಲ್ಲಿಸಿದ. ಹಿಡಿಯ ಸ್ಕ್ರೂ ಬಿಚ್ಚಿ, ಅದರಡಿಯ ಬಿಲ್ಲೆ ತಿರುಗಿಸಿದ. ಬುಸ್ಸೆಂದು ಬಿಸಿನೀರು ಅವನ ಮುಖಕ್ಕೆ, ಅಲ್ಲಿಂದ ಕ್ಯಾಲೆಂಡರಿಗೆ ಹಾರಿತು.

"ವಾಲ್ವ್ ಎರಡಿರತ್ತೆ," ಮಾಸ್ತರರು ಕಾಲು ಮೇಲೆತ್ತಿಕೊಂಡು ಹೇಳಿದರು. "ನೀವು ತಣ್ಣೀರಿಂದು ಮಾತ್ರ ನಿಲ್ಸಿದ್ರಿ."

"ಮೊದ್ಲೇ ಹೇಳ್ಬಾರದಾಗಿತ್ತಾ ಸಾರ್?"

"ಪೆಟ್ಟು ತಿಂದು ಕಲ್ತಿದ್ದು ಮರೆಯಲ್ಲ."

ಗೀಸರ್ ಆರಿಸಿ, ಎರಡನೇ ವಾಲ್ವ್ ನಿಲ್ಲಿಸಿ, ನೆಲ ಒರೆಸುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಗಿತ್ತು. ನಲ್ಲಿಯೊಳಗೆ ಬಿಸಿನೀರು ತಣ್ಣೀರನ್ನು ಬೇರೆಬೇರೆಯಾಗಿ ಬಿಡುವ, ಈಗ ಕೆಟ್ಟಿದ್ದ ತುಂಡಿಗೆ ಕಾರ್ಟ್ರಿಜ್ ಎನ್ನುತ್ತಾರೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ತಿಳಿಯಿತು. ಬೆರಳಲ್ಲೇ ಅಳತೆ ತೋರಿಸಿ ತಂದದ್ದು ದಪ್ಪವಾಯಿತು. ಹಳೆಯದನ್ನು ಹಿಡಿದು ಬಿಸಿಲಲ್ಲಿ ಮತ್ತೆ ಓಡಿದ. "ಯಾರಾದ್ರೂ ತಿಳಿದವರನ್ನ ಕರೀಬಾರ್ದಾ ಸಾರ್?" ಎಂದು ಅಂಗಡಿಯವನು ಮರುಕದಿಂದ ಕೇಳಿದ. ಆ ಮರುಕಕ್ಕೆ ಗುಮಾಸ್ತನ ಮೈಯೆಲ್ಲ ಉರಿಯಿತು.

ಹೊಸದನ್ನು ಕೂರಿಸುವಾಗ ಮಾಸ್ತರರು ಕುರ್ಚಿಯಿಂದಲೇ ಕೈ ಎತ್ತಿದರು. "ಅದರ ಮೂತಿ ಗೋಡೆ ಕಡೆ ಇರ್ಬೇಕು. ತಿರುಗ್ಸಿ."

"ಹಳೇದು ಹೀಗೇ ಇತ್ತು ಅನ್ಸತ್ತೆ ಸಾರ್."

"ಅನ್ಸತ್ತೆ ಅನ್ನೋದು ಉತ್ತರ ಅಲ್ಲ. ತಿರುಗ್ಸಿ."

ಇಪ್ಪತ್ತು ವರ್ಷ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿಯೇ ಸಂಬಳ ಎಣಿಸಿದ ಜೀವ. ತಿರುಗಿಸಿದ. ಮಾಸ್ತರರು ತೃಪ್ತರಾಗಿ ಊಟಕ್ಕೂ ನಿದ್ದೆಗೂ ಎದ್ದು ಹೋದರು.

ಎಲ್ಲವನ್ನೂ ಬಿಗಿದು ಗುಮಾಸ್ತ ಎರಡೂ ವಾಲ್ವ್ ಬಿಟ್ಟ. ಹಿಡಿ ಎತ್ತಿದ, ನೀರು ಬಂತು. ಒತ್ತಿದ, ನಿಂತಿತು. ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ಕಾದ. ನಲ್ಲಿಯಿಂದ ಒಂದು ಹನಿಯೂ ಬೀಳಲಿಲ್ಲ, ಅವನ ಕಣ್ಣಿಂದಲೇ ಎರಡು ಬಿದ್ದವು. ಹೆಂಡತಿ ಬರುವ ಹೊತ್ತಿಗೆ ಬಿಸಿನೀರಿರಲಿ ಎಂದು ಗೀಸರ್ ಹಾಕಿ ಕಾದು ಕೂತ.

ಸಂಜೆ ಅವಳು ಬಂದವಳೇ ಸಿಂಕು ನೋಡಿದಳು, ಫೋನ್ ಎತ್ತಿದಳು. "ಬಂದು ಮಾಡಿ ಹೋದ್ಯೇನೋ? ಒಂದು ತೊಟ್ಟೂ ಬೀಳ್ತಿಲ್ಲ ನೋಡು."

ಭಾಮೈದ ದಿನವಿಡೀ ಇತ್ತ ತಲೆಯನ್ನೂ ಹಾಕಿರಲಿಲ್ಲ. ಆದರೂ ಆ ಕಡೆಯಿಂದ "ಅದೇನು ಮಹಾ ಬಿಡಕ್ಕಾ," ಎಂಬ ದನಿ ಗುಮಾಸ್ತನಿಗೂ ಕೇಳಿಸಿತು.

"ನಾನೇ ಮಾಡಿದ್ದು," ಎಂದ ಗುಮಾಸ್ತ.

ಅವಳು ನಕ್ಕಳು. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

"ಮಾಸ್ತರರನ್ನೇ ಕೇಳು," ಎಂದು ಅವರನ್ನು ಕರೆತಂದ.

"ಇವರು ಬಿಚ್ಚಿದ್ದನ್ನ ಕಣ್ಣಾರೆ ನೋಡಿದೀನಮ್ಮ," ಮಾಸ್ತರರು ಗಂಭೀರವಾಗಿ ಹೇಳಿದರು. "ನೀರು ನಿಂತಿದ್ದು ನೋಡ್ಲಿಲ್ಲ, ಮಲಗಿದ್ದೆ. ಈ ವಯಸ್ಸಲ್ಲಿ ಸುಳ್ಳು ಹೇಳಕ್ಕಾಗಲ್ಲ."

"ಅಂದ್ರೆ ಇವರು ಬಿಚ್ಚಿ ಹಾಕಿದ್ದನ್ನ ಅವನು ಬಂದು ಜೋಡಿಸಿದಾನೆ," ಎಂದು ಹೆಂಡತಿ ತೀರ್ಪು ಕೊಟ್ಟು, ಕೈ ತೊಳೆಯಲು ಹಿಡಿಯನ್ನು ಬಲಕ್ಕೆ ತಿರುಗಿಸಿ ಎತ್ತಿದಳು. ಮರುಕ್ಷಣ ಕೈ ಕೊಡವಿಕೊಂಡು ಹಿಂದೆ ಸರಿದಳು.

"ತಣ್ಣೀರಿನ ಕಡೆ ಸುಡುನೀರು ಬರ್ತಿದೆ. ಯಾರು ಮಾಡಿದ್ದು ಇದನ್ನ?"

ಮಾಸ್ತರರು ಚಪ್ಪಲಿ ಹುಡುಕತೊಡಗಿದರು. ಗುಮಾಸ್ತನ ಎದೆ ಮಾತ್ರ ಸಂತೋಷದಿಂದ ಹಿಗ್ಗಿತು. ಅದೇ ಮೂತಿ, ಅದೇ ಗೋಡೆ: ಮಾಸ್ತರರ ಮಾತು ಕೇಳಿ ಕಾರ್ಟ್ರಿಜ್ ತಿರುಗಿಸಿ ಕೂರಿಸಿದ್ದಕ್ಕೇ ಬಿಸಿನೀರು ತಣ್ಣೀರು ಅದಲುಬದಲಾಗಿತ್ತು. ತಾನೇ ಕೂರಿಸಿದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ನಾನೇ," ಎಂದ.

ಈ ಸಲ ಅವಳು ತಕ್ಷಣ ನಂಬಿದಳು. "ಅವನು ಸರಿಮಾಡಿ ಹೋದ್ಮೇಲೆ ಮತ್ತೆ ಯಾಕ್ರೀ ಮುಟ್ಟಿದ್ರಿ?" ಎನ್ನುತ್ತ ತಮ್ಮನಿಗೆ ಇನ್ನೊಮ್ಮೆ ಫೋನ್ ಹಚ್ಚಿದಳು.