ಹೆಲ್ಮೆಟ್ ಗಟ್ಟಿಯೋ, ಮಂಡೆ ಗಟ್ಟಿಯೋ

ನಾನು ನರ್ಸ್. ಸೈಕಲ್ಲಿನಿಂದ ಬಿದ್ದವರ ತಲೆಗೆ ಹೊಲಿಗೆ ಹಾಕುವಲ್ಲಿ ನಿಂತು ನಿಂತು ಹತ್ತೊಂಬತ್ತು ವರ್ಷ ಕಳೆಯಿತು. ಮೊದಲು ಬೈಂದೂರು, ಆಮೇಲೆ ಬ್ರಹ್ಮಾವರ, ಈಗ ಕುಂದಾಪುರ. ಆಸ್ಪತ್ರೆ ಬದಲಾಯಿತೇ ಹೊರತು ಹೆದ್ದಾರಿ ಬದಲಾಗಲಿಲ್ಲ, ಬೀಳುವವರೂ ಬದಲಾಗಲಿಲ್ಲ. ಹೊಲಿಗೆ ಹಾಕಿದಾಗಲೆಲ್ಲ ಜೊತೆಗೊಂದು ಬುದ್ಧಿಮಾತೂ ಹೇಳಿ ಕಳಿಸಿದ್ದೇನೆ: "ಸೈಕಲ್ಲಾದರೇನು, ಹೆಲ್ಮೆಟ್ ಹಾಕಿ." ಹೊಲಿಗೆಗಳು ಚೆನ್ನಾಗಿ ಕೂಡಿಕೊಂಡವು. ಬುದ್ಧಿಮಾತು ಮಾತ್ರ ಒಂದು ತಲೆಗೂ ಕೂಡಲಿಲ್ಲ. ಹೋದ ವಾರವೂ ಒಬ್ಬರು ಬಂದರು, ನಾಳೆಯೂ ಬರುತ್ತಾರೆ. ಅತ್ತು ಸಾಕಾಗಿ, ಈಗ ನೆನಪಾದರೆ ನಗುತ್ತೇನೆ.

ಮಂಡಿ ಎಲ್ಲಿದೆ?

ಬ್ರಹ್ಮಾವರದಲ್ಲಿದ್ದಾಗ ಮಂಡ್ಯ ಕಡೆಯ ಒಬ್ಬ ಹೊಸ ಡಾಕ್ಟರು ಬಂದಿದ್ದರು. ಕೆಲಸಕ್ಕೆ ಸೇರಿದ ಎರಡನೆಯ ದಿನವೇ ಹಂಗಾರಕಟ್ಟೆಯಿಂದ ಸೈಕಲ್ಲಿನಲ್ಲಿ ಮೀನು ತಂದು ಮನೆ ಮನೆಗೆ ಮಾರುವವರೊಬ್ಬರು ಕುಂಟದೆ, ಕೂಗದೆ, ತಾವಾಗಿಯೇ ನಡೆದುಕೊಂಡು ಒಳಗೆ ಬಂದರು. ತಲೆಗೆ ಕೆಂಪು ಬೈರಾಸು ಬಿಗಿಯಾಗಿ ಸುತ್ತಿತ್ತು. ನಾನು ಒಳಗೆ ಇಂಜೆಕ್ಷನ್ ತಯಾರು ಮಾಡುತ್ತಿದ್ದೆ.

"ಏನಾಯ್ತು?" ಎಂದರು ಡಾಕ್ಟರು.

"ಸೈಕಲ್ಲಿಂದ ಬಿದ್ದೆ ಡಾಕ್ಟ್ರೇ. ಮಂಡಿ ಒಡ್ದಿತ್."

ಡಾಕ್ಟರು ಅವರನ್ನು ಮಲಗಿಸಿ, ಲುಂಗಿ ಸರಿಸಿ, ಎರಡೂ ಮೊಣಕಾಲು ಒತ್ತಿ, ಮಡಚಿ, ಬಿಡಿಸಿ ನೋಡಿದರು. "ಮಂಡಿ ಚೆನ್ನಾಗೇ ಇದೆಯಲ್ಲ ಯಜಮಾನ್ರೇ, ಒಡೆದೇ ಇಲ್ಲ!"

"ಒಡ್ದಿತ್ ಅಂದೆ ಅಲ್ದಾ! ನೆತ್ರ ಬತ್ತಾ ಇತ್!"

"ಮಂಡೀಲಿ ಎಲ್ರೀ ರಕ್ತ?"

ನಾನು ಓಡಿ ಬಂದು ಬೈರಾಸು ಬಿಚ್ಚಿದೆ. ಆ ಕೆಂಪು ಬಟ್ಟೆಯ ಕೆಂಪಿನಲ್ಲಿ ಅರ್ಧ ಅವರದೇ ರಕ್ತ. ನಮ್ಮೂರಲ್ಲಿ ಮಂಡಿ ಎಂದರೆ ತಲೆ ಎಂದು ಡಾಕ್ಟರಿಗೆ ತಿಳಿಸಿದೆ. ಪಾಪ, ಬೆವತು ಹೋದರು. ಆರು ಹೊಲಿಗೆ ಹಾಕಿದರು. ಕೊನೆಗೆ ಗಂಭೀರವಾಗಿ, "ಇನ್ನು ಮೇಲೆ ಸೈಕಲ್ ಹೊಡೆಯುವಾಗ ತಲೆಗೆ ಹೆಲ್ಮೆಟ್ ಹಾಕ್ಕೊಳ್ಳಿ" ಎಂದರು.

ಮೀನಿನವರು ಹೊರಗೆ ಬಂದು ನನ್ನ ಹತ್ತಿರ ಹೇಳಿದರು: "ಹ್ವಾಯ್ ಸಿಸ್ಟರ್, ಇವ್ರಿಗೆ ಮಂಡಿ ಎಲ್ಲಿತ್ ಅಂದೇ ಗೊತ್ತಿಲ್ಲೆ. ನನ್ ಮಂಡಿಗೆ ಬುದ್ಧಿ ಹೇಳುಕೆ ಬತ್ರ್!"

ನಾನೇ ಹಾಕಿಕೊಂಡದ್ದು

ಇದರಲ್ಲಿ ನಗು ಆಮೇಲೆ ಬರುತ್ತದೆ. ನಮ್ಮ ಬೀದಿಗೆ ಪೇಪರು ಹಾಕುತ್ತಿದ್ದ ಒಬ್ಬರಿದ್ದರು, ಐವತ್ತು ದಾಟಿದವರು. ಸರ್ವಿಸ್ ರಸ್ತೆಯಲ್ಲಿ ಲಾರಿಯೂ ಇಲ್ಲ, ಬಸ್ಸೂ ಇಲ್ಲ, ಒಂದು ಗುಂಡಿಗೆ ಚಕ್ರ ಇಳಿದು ಬಿದ್ದರು. ಮಾತಾಡುತ್ತಲೇ ಆಸ್ಪತ್ರೆಗೆ ಬಂದರು. "ಸಿಸ್ಟರ್, ನಿಮ್ಮನಿ ಪೇಪರ್ ಹಾಕಿ ಆಯ್ತ್, ಆಚಿ ಮನಿದ್ ಬಾಕಿ ಇತ್" ಎಂದರು. ಮಧ್ಯಾಹ್ನದೊಳಗೆ ತೀರಿಕೊಂಡರು. ತಲೆಯ ಹಿಂಭಾಗದಲ್ಲಿ ಅಂಗೈಯಷ್ಟು ಊತ, ಅಷ್ಟೇ.

ಆ ವಾರವೇ ನಾನೊಂದು ಹೆಲ್ಮೆಟ್ ಕೊಂಡೆ. ನಾನೂ ಸೈಕಲ್ಲಿನಲ್ಲೇ ಡ್ಯೂಟಿಗೆ ಹೋಗುವವಳು. ಹೇಳುವವಳು ಹಾಕದಿದ್ದರೆ ಕೇಳುವವರು ಯಾಕೆ ಹಾಕುತ್ತಾರೆ?

ಮೊದಲ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಆಟೋದವರೊಬ್ಬರು ಕೇಳಿದರು: "ಗಾಡಿ ಎಲ್ಲಿ ಸಿಸ್ಟರ್? ಕದ್ಕಂಡ್ ಹೋದ್ರಾ?" ಎರಡನೆಯ ದಿನ ಪಕ್ಕದ ಮನೆಯಾಕೆ ನಮ್ಮ ಅತ್ತೆಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ನಿಮ್ ಸೊಸೆಗೆ ಮಂಡಿ ಆಪರೇಷನ್ ಆಯ್ತಾ? ನಮ್ಗೆ ಹೇಳ್ಳೇ ಇಲ್ಲೆ!" ಎಂದು ಕಣ್ಣೊರೆಸಿಕೊಂಡರು. ಜೊತೆಗೆ ಆರು ಮೂಸಂಬಿ ತಂದಿದ್ದರು. ಅತ್ತೆ ಅವನ್ನು ವಾಪಸು ಕೊಡಲಿಲ್ಲ.

ಒಂಬತ್ತನೆಯ ದಿನ ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ದೂರದಿಂದ ಅವರಿಗೆ ಹೆಲ್ಮೆಟ್ ಮಾತ್ರ ಕಂಡಿರಬೇಕು. "ಆರ್‌ಸಿ, ಇನ್ಶೂರೆನ್ಸ್..." ಎನ್ನುತ್ತಾ ಬಂದವರು ಪೆಡಲ್ ನೋಡಿ ನಿಂತರು.

"ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಇಲ್ಲ ಮೇಡಂ."

"ಗೊತ್ತು ಸಾರ್. ತಲೆ ಇದೆಯಲ್ಲ, ಅದಕ್ಕೆ ಹಾಕಿದ್ದು."

"ಇಷ್ಟು ಹೊತ್ತು ಹೆಲ್ಮೆಟ್ ಹಾಕದ ಮೂವತ್ತು ಸೈಕಲ್ ಬಿಟ್ಟೆ" ಎಂದು ನಕ್ಕರು. "ನೀವು ಹಾಕಿದ್ದಕ್ಕೇ ಸಿಕ್ಕಿಬಿದ್ದಿರಿ."

ಹೆಲ್ಮೆಟ್ ಹಾಕಿದ್ದಕ್ಕೆ ಪೊಲೀಸರು ತಡೆದ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮರುದಿನದಿಂದ ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗತೊಡಗಿದೆ. ನಾಚಿಕೆಯ ಮಾತು, ಆದರೆ ನಿಜ.

ಒಡೆದದ್ದು ಯಾವುದು

ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬ ಶೆಟ್ಟರಿದ್ದಾರೆ. ಬಿಗಿಯಾದ ಅಂಗಿ, ಕೈಗವಸು, ಕಪ್ಪು ಕನ್ನಡಕ, ತೂತು ತೂತಿನ ವಿದೇಶಿ ಹೆಲ್ಮೆಟ್ ಹಾಕಿಕೊಂಡು ಬೆಳಿಗ್ಗೆ ಸಿದ್ದಾಪುರದವರೆಗೆ ಸೈಕಲ್ ಹೊಡೆದು ಬರುತ್ತಾರೆ. ನನ್ನ ಪಾಲಿಗೆ ಅವರೇ ಉಳಿದ ಒಂದೇ ಆಸೆ.

ಒಂದು ದಿನ ಆ ವೇಷ ಕಂಡ ನಾಯಿಯೊಂದು ಅಟ್ಟಿಸಿಕೊಂಡು ಬಂತು. ಶೆಟ್ಟರು ಹಳ್ಳದ ಮೇಲಿನ ಸಂಕದ ಕಟ್ಟೆಗೆ ತಲೆ ಹೊಡೆದುಕೊಂಡು ಬಿದ್ದರು. ಹೆಲ್ಮೆಟ್ ಎರಡು ಹೋಳಾಯಿತು. ತಲೆಗೆ ಗೀರೂ ಇಲ್ಲ. ನನಗೆ ಕುಣಿಯುವಷ್ಟು ಖುಷಿ. ಅವರು ಆಸ್ಪತ್ರೆಗೆ ತಂದ ಆ ಎರಡು ಹೋಳುಗಳನ್ನು ಹೊರಗಿನ ಬೆಂಚಿನ ಮೇಲಿಟ್ಟು, ಕೂತಿದ್ದ ಹತ್ತು ಜನರಿಗೆ ಹೇಳಿದೆ: "ಕಾಣಿ, ಎಲ್ಲರೂ ಕಾಣಿ! ಇದು ಇಲ್ಲದಿದ್ದರೆ ಏನಾಗುತ್ತಿತ್ತು?"

ಎಲ್ಲರೂ ಹೋಳುಗಳನ್ನು ತಿರುವಿ ತಿರುವಿ ನೋಡಿದರು. ಒಬ್ಬ ಅಜ್ಜ ಉಗುರಿನಿಂದ ಕುಟ್ಟಿಯೂ ನೋಡಿದರು.

"ಎಂತ ಸಿಸ್ಟರ್, ಇದ್ ಪೂರಾ ಥರ್ಮಾಕೋಲ್! ಒಂದೇ ಸಲ ಬಿದ್ದದ್ದಕ್ಕೆ ಎರಡ್ ಹೋಳ್. ಶೆಟ್ರ ಮಂಡಿಗ್ ಎಂತಾದ್ರೂ ಆಯ್ತಾ?"

"ಏನೂ ಆಗಲಿಲ್ಲ ಅಜ್ಜ, ಅದನ್ನೇ ಹೇಳುತ್ತಿರುವುದು!"

"ನಾನೂ ಅದನ್ನೇ ಹೇಳುದ್" ಎಂದರು ಅಜ್ಜ. "ಹೆಲ್ಮೆಟ್ ಒಡಿತ್, ಮಂಡಿ ಒಡಿಲಿಲ್ಲೆ. ಹಾಂಗಾರೆ ಯಾವ್ದ್ ಗಟ್ಟಿ?"

ಹತ್ತು ಜನವೂ ತಲೆಯಾಡಿಸಿದರು. ಎಲ್ಲವೂ ಹೆಲ್ಮೆಟ್ ಕಾಣದ ತಲೆ.

ಕಡ್ಡಾಯ ಮಾಡಬೇಕೇ?

ಪಂಚಾಯತಿನಲ್ಲಿ ರಸ್ತೆ ಸುರಕ್ಷತೆಯ ಸಭೆ. ಮಾತಾಡಲು ನನ್ನನ್ನು ಕರೆದಿದ್ದರು. ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಗಬೇಕು ಎಂದು, ಪೇಪರಿನವರ ಕಥೆ ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು ಕೂತೆ.

ನಿವೃತ್ತ ಮೇಷ್ಟ್ರು ಎದ್ದರು. "ಸಿಸ್ಟರ್ ಹೇಳಿದ್ದು ಸರಿ. ಆದರೆ ಪೇಪರಿನವರು ಬಿದ್ದದ್ದು ಗುಂಡಿಗೆ. ಗುಂಡಿ ಮುಚ್ಚುವುದನ್ನು ಯಾರಿಗೆ ಕಡ್ಡಾಯ ಮಾಡುವುದು?" ಎಲ್ಲರೂ ಚಪ್ಪಾಳೆ ತಟ್ಟಿದರು. ಮನಸ್ಸಿನಲ್ಲಿ ನಾನೂ ತಟ್ಟಿದೆ.

ಬೀಡಿ ಕಟ್ಟುವ ಹೆಂಗಸೊಬ್ಬರು ಕೇಳಿದರು: "ಮಕ್ಕಳಿಗೆ ಸೈಕಲ್ ಕೊಡ್ಸುದೇ ಕಷ್ಟ. ಕಡ್ಡಾಯ ಮಾಡಿರೆ ಅವ್ರ್ ಸೈಕಲ್ ಬಿಟ್ಟ್ ಹೆದ್ದಾರಿ ಬದಿಯಲ್ಲಿ ನಡ್ಕಂಡ್ ಹೋಪುದಾ?"

ಆಗ ಹಿಂದಿನ ಸಾಲಿನಿಂದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಎದ್ದರು. "ಸಿಸ್ಟರ್, ಸತ್ಯ ಹೇಳಿ. ನಿಮ್ಮ ಆಸ್ಪತ್ರೆಗೆ ಮಂಡಿ ಮೇಲೆ ಕಾಯಿ ಬಿದ್ದವ್ರ್ ಬತ್ತಿಲ್ಯಾ?"

ಬರುತ್ತಾರೆ. ಹಿಂದಿನ ದಿನವೇ ಒಬ್ಬರು ಬಂದಿದ್ದರು. ಹೌದೆಂದು ತಲೆಯಾಡಿಸಿದೆ.

"ಹಾಂಗಾರೆ ಮರದಡಿ ನಡೆವವ್ರಿಗೆ ಮೊದ್ಲ್ ಕಡ್ಡಾಯ ಮಾಡಿ!"

ಸಭೆ ಅಲ್ಲಿಗೆ ಮುಗಿಯಿತು. ನನಗೆ ಶಾಲು ಹೊದೆಸಿ ಗೌರವದಿಂದ ಫಲತಾಂಬೂಲದ ಒಂದು ಚೀಲ ಕೊಟ್ಟರು. ಬಿಚ್ಚಿ ನೋಡಿದರೆ ಒಳಗೆ ಸುಲಿದ ತೆಂಗಿನಕಾಯಿ.

ಅಡುಗೆ ಭಟ್ಟರ ಎರಡು ದಿನ

ಬೈಂದೂರಿನಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಇದು. ಮದುವೆ ಮನೆಗಳಿಗೆ ಅಡುಗೆಗೆ ಹೋಗುವ ಭಟ್ಟರು ಸೈಕಲ್ಲಿನಿಂದ ಬಿದ್ದು ಬಂದರು. ಎಚ್ಚರ ಇತ್ತು, ಸ್ಕ್ಯಾನಿನಲ್ಲೂ ತೊಂದರೆ ಕಾಣಲಿಲ್ಲ, ಆದರೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಓಡಿಬಂದ ಹೆಂಡತಿಯನ್ನು ನೋಡಿ ಕೈಮುಗಿದು, "ನೀವ್ ಯಾರ್ ಮನಿಯವ್ರ್?" ಎಂದು ಕೇಳಿದರು. ಆ ತಾಯಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದು ಈಗಲೂ ನೆನಪಿದೆ. ಎರಡು ದಿನದಲ್ಲಿ ಸರಿಯಾಗಬಹುದು ಎಂದು ಡಾಕ್ಟರು ಧೈರ್ಯ ಹೇಳಿದರು.

ಸಂಜೆ ಆಕೆ ಗಂಜಿ ತಂದರು. ಭಟ್ಟರು ಕೇಳಿದರು: "ನಿಮ್ದ್ ಊಟ ಆಯ್ತಾ? ಮೊದ್ಲ್ ನೀವ್ ಉಣ್ಣಿ. ನನ್ನಿಂದ ನಿಮ್ಗೆ ಎಷ್ಟ್ ತೊಂದ್ರೆ!"

ಆಕೆ ವರಾಂಡಕ್ಕೆ ಬಂದು ಗೋಡೆಗೊರಗಿ ನಿಂತರು. "ಸಿಸ್ಟರ್, ಮದಿ ಆಯಿ ಮೂವತ್ತೊಂದ್ ವರ್ಷ. ಊಟ ಆಯ್ತಾ ಅಂದ್ ಕೇಂಡದ್ ಇದೇ ಮೊದ್ಲ್."

ಮರುದಿನ ಸಾರು ತಂದರು. ಭಟ್ಟರು ಒಂದು ಗುಟುಕು ಕುಡಿದು, "ಲಾಯ್ಕಿತ್ ಅಮ್ಮಾ. ಇಂಥ ಸಾರ್ ನಾನ್ ಎಲ್ಲೂ ಉಂಡದ್ದಿಲ್ಲೆ" ಎಂದರು. ಮೂವತ್ತೊಂದು ವರ್ಷ ಅದೇ ಸಾರಿನಲ್ಲಿ ಹುಳಿ ಹೆಚ್ಚು, ಉಪ್ಪು ಕಡಿಮೆ ಎಂದವರು. ಅಂದು ಸಂಜೆ ಆಕೆ ಹೊಸ ಸೀರೆ ಉಟ್ಟು ಬಂದರು. ಮಲ್ಲಿಗೆಯನ್ನೂ ಮುಡಿದಿದ್ದರು. ನಾನು ನೋಡಿಯೂ ನೋಡದಂತೆ ಇದ್ದೆ.

ಮೂರನೆಯ ಬೆಳಿಗ್ಗೆ ಭಟ್ಟರು ಗಂಜಿಯ ಮೊದಲ ಗುಟುಕಿಗೇ ಮುಖ ಸಿಂಡರಿಸಿದರು. "ಇದೆಂತ ಇದ್? ಉಪ್ಪ್ ಹಾಕುಕೆ ಬತ್ತಿಲ್ಯಾ ನಿಂಗೆ?"

ಗುರುತು ಸಿಕ್ಕಿತ್ತು. ವಾರ್ಡಿನವರೆಲ್ಲ ದೇವರಿಗೆ ಕೈಮುಗಿದರು. ಆಕೆಯೂ ಅತ್ತರು. ಯಾವ ಅಳು ಎಂದು ನಾನು ಕೇಳಲಿಲ್ಲ.

ಡಿಸ್ಚಾರ್ಜ್ ದಿನ ಆಕೆಯನ್ನು ಪಕ್ಕಕ್ಕೆ ಕರೆದು ಹೇಳಿದೆ: "ಅಮ್ಮಾ, ಈ ಸಲ ಬಚಾವಾದರು. ಇನ್ನು ಸೈಕಲ್ ಹತ್ತುವಾಗ ಅವರಿಗೊಂದು ಹೆಲ್ಮೆಟ್ ಹಾಕಿಸಿಬಿಡಿ."

"ಅದ್ ಹಾಕಿರೆ ಮಂಡಿಗೆ ಪೆಟ್ಟೇ ಆತಿಲ್ಯಾ?"

"ದೊಡ್ಡ ಪೆಟ್ಟು ಆಗುವುದಿಲ್ಲ."

"ಈ ಸಲ ಆದಷ್ಟೂ ಆತಿಲ್ಯಾ?"

"ಇಲ್ಲಮ್ಮ."

ಗೇಟಿನ ಹತ್ತಿರದಿಂದ ಭಟ್ಟರು ಕೂಗಿದರು: "ಬಪ್ಪುದಾ ಇಲ್ಯಾ? ಎಷ್ಟ್ ಹೊತ್ತ್ ನಿನ್ ಪಟ್ಟಾಂಗ?"

ಆಕೆ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಚೀಲ ಎತ್ತಿಕೊಂಡು ಮೆಲ್ಲಗೆ ಹೇಳಿದರು:

"ಕಾಂಬ ಸಿಸ್ಟರ್. ಹೆಲ್ಮೆಟ್ಟಿಗೆ ಗಡಿಬಿಡಿ ಎಂತ ಇಲ್ಲೆ."