ಗಾಲಿಮನೆಯ ಐದು ನಟ್ಟುಗಳು

ನಟ್ಟು ಬಿಚ್ಚುವುದು ನನಗೆ ಹೊಸದಲ್ಲ. ಬನಹಟ್ಟಿಯ ನಮ್ಮ ಮನೆಯ ಹಿಂದೆ ನಾಲ್ಕು ಪಾವರ್‌ಲೂಮ್ ಇವೆ. ಇಪ್ಪತ್ತು ವರ್ಷಗಳಿಂದ ಅವುಗಳ ನಟ್ಟು ಬಿಗಿಯುವವಳು ನಾನೇ, ಬಿಚ್ಚುವವಳೂ ನಾನೇ. ನಮ್ಮ ಮನೆಯವರು ಸೀರೆಗೆ ಬಣ್ಣ ಆರಿಸುವುದರಲ್ಲಿ ನಿಪುಣರು. ನಟ್ಟು ತಿರುಗಿಸುವ ಪಾನಾ ಕಂಡರೆ ಮಾತ್ರ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಆದ್ದರಿಂದ ಅಂದು ಚಿಮ್ಮಡ ದಾಟಿ ಸ್ವಲ್ಪ ದೂರದಲ್ಲಿ ನಮ್ಮ ಗಾಲಿಮನೆ ಪಂಕ್ಚರ್ ಆಗಿ ಒಂದು ಕಡೆ ವಾಲಿದಾಗ, ನನಗೆ ಕಿಂಚಿತ್ತೂ ಗಾಬರಿಯಾಗಲಿಲ್ಲ.

ಗಾಲಿಮನೆ ಎಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಎಲ್ಲಿಗೆ ಹೋದರೂ ನಮ್ಮದೇ ಹಾಸಿಗೆಯಲ್ಲಿ ಮಲಗಬೇಕು, ನಮ್ಮದೇ ಒಲೆಯ ಚಹಾ ಕುಡಿಯಬೇಕು ಎಂಬುದು ನನ್ನ ಬಹಳ ದಿನದ ಆಸೆ. ಜಮಖಂಡಿಯ ಒಬ್ಬ ಮಿಸ್ತ್ರಿ ಯಾವುದೋ ಹಳೆಯ ಜೀಪಿನ ಅಚ್ಚು, ಗಾಲಿ ತಂದು, ಮೇಲೆ ತಗಡಿನ ಗೋಡೆ ನಿಲ್ಲಿಸಿ, ಒಳಗೆ ಮಂಚ ಕೂರಿಸಿ ಕೊಟ್ಟಿದ್ದ. ಕಿಟಕಿಗೆ ಪರದೆ ನಾನೇ ಹೊಲಿದೆ. ಮುಧೋಳದ ನನ್ನ ನಾದಿನಿ ಫೋನಿನಲ್ಲಿ ಫೋಟೋ ನೋಡಿ, "ವೈನೀ, ಇದು ಮನಿಯೋ ಕೋಳಿ ಗೂಡೋ?" ಎಂದು ನಕ್ಕಿದ್ದಳು. ಅವಳ ಬಸುರಿ ಮಗಳ ಕುಬಸ ಅಂದು ಮಧ್ಯಾಹ್ನ ಹನ್ನೆರಡಕ್ಕೆ. ಸೋದರಮಾವನ ಮನೆಯಿಂದ ಬರಬೇಕಾದ ಹಸಿರು ಸೀರೆ ನಮ್ಮ ಬಳಿ ಇತ್ತು. ಸೀರೆ ಉಡಿಸುವುದು ಒಂದು ಕಾರಣ. ಗಾಲಿಮನೆಯನ್ನು ನಾದಿನಿಯ ಬಾಗಿಲಿಗೇ ತಂದು ನಿಲ್ಲಿಸುವುದು ಅದಕ್ಕಿಂತ ದೊಡ್ಡ ಕಾರಣ!

ಆಗ ಗಂಟೆ ಒಂಬತ್ತೂವರೆ.

"ಶಾಂತಾ, ಇದನ್ನ ಇಲ್ಲೇ ಬಿಟ್ಟು ಜೀಪಿನ್ಯಾಗ ಹೋಗೂಣು. ಹೊತ್ತಾದೀತು" ಎಂದರು ನಮ್ಮವರು.

"ಬರೇ ಐದ ನಟ್ಟು ರೀ! ಹತ್ತು ಮಿನಿಟಿನ ಕೆಲಸ. ನೀವು ನೆರಳಿಗೆ ಕುಂಡ್ರಿ."

ಅವರು ಆಜ್ಞೆಯಂತೆ ಬೇವಿನ ಮರದ ಕೆಳಗೆ ಕುಳಿತರು. ನಾನು ಸೆರಗು ಸಿಕ್ಕಿಸಿ, ಗಾಲಿಗೆ ಕಲ್ಲು ಕೊಟ್ಟು, ಪಾನಾ ಹಿಡಿದೆ. ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ತಿರುಗಿಸಿದರೆ ಬಿಗಿ. ಇದು ಜಗತ್ತಿನ ನಿಯಮ. ಎಡಕ್ಕೆ ಒತ್ತಿದೆ. ನಟ್ಟು ಅಲುಗಲಿಲ್ಲ. ಎರಡು ಕೈಯಿಂದ ಒತ್ತಿದೆ. ಅಲುಗಲಿಲ್ಲ. ಪಾನಾದ ಮೇಲೆ ಹತ್ತಿ ನಿಂತೆ. ಅದು ಟಣ್ಣನೆ ಜಾರಿತು, ನಾನು ರಸ್ತೆಯ ಮೇಲೆ ಆಸೀನಳಾದೆ. ನೋಡಿದರೆ ನಟ್ಟಿನ ಆರು ಮೂಲೆಗಳಲ್ಲಿ ಎರಡು ಸವೆದು ಹೋಗಿದ್ದವು.

ಒಂದು ನಟ್ಟು ಮೊಂಡು ಇರಬಹುದು ಎಂದು ಎರಡನೆಯದಕ್ಕೆ ಹೋದೆ. ಅದೂ ಮೊಂಡು! ಐದನೆಯದು ಮುಗಿಯುವ ಹೊತ್ತಿಗೆ ಐದೂ ನಟ್ಟು ದುಂಡಗಾಗಿ ಪೇಡೆಯ ಹಾಗೆ ಹೊಳೆಯುತ್ತಿದ್ದವು. ಪಾನಾಕ್ಕೆ ಹಿಡಿತವೇ ಸಿಗಲೊಲ್ಲದು. ನಮ್ಮವರ ಕರವಸ್ತ್ರ ಕಿತ್ತು ನಟ್ಟಿಗೆ ಸುತ್ತಿ, ಮೇಲೆ ಪಾನಾ ಕೂರಿಸಿದೆ. ಕರವಸ್ತ್ರ ಹರಿಯಿತು.

"ಚಿಮ್ಮಡದಾಗ ಫಿಟರ್ ಇರ್ತಾನ, ಕರಕೊಂಡ ಬರ್ಲೇನು?" ಎಂದರು ಅವರು.

"ಈ ಕೈ ಇರೂತನಕ ನಮ್ಮ ಗಾಲಿಗೆ ಫಿಟರ್ ಕೈ ಹಚ್ಚಾಂಗಿಲ್ಲ!" ಎಂದೆ. ಈ ಘೋಷಣೆಯನ್ನು ಕೇಳಿ ಪಕ್ಕದ ಕಬ್ಬಿನ ಹೊಲದಿಂದ ರೈತ ಯಮನಪ್ಪ ಹಾಗೂ ಅವನ ಹೆಂಡತಿ ರಸ್ತೆಗೆ ಬಂದರು. ಯಮನಪ್ಪ ನಟ್ಟನ್ನು ಮುಟ್ಟಿ ನೋಡಿ, "ಜೋರು ಸಾಲವಲ್ದರಿ ಯಕ್ಕಾ" ಎಂದು ಹೇಳಿ, ಪಂಪಿನ ಮನೆಯಿಂದ ಆಳುದ್ದದ ಕಬ್ಬಿಣದ ಪೈಪು ತಂದ. ಪಾನಾವನ್ನು ಸುತ್ತಿಗೆಯಿಂದ ಹೊಡೆದು ನಟ್ಟಿಗೆ ಕಚ್ಚಿಸಿ, ಅದರ ಹಿಡಿಗೆ ಪೈಪು ತೂರಿಸಿದೆವು. ನಾನು, ಯಮನಪ್ಪ, ಅವನ ಹೆಂಡತಿ, ಮೂವರೂ ಪೈಪಿಗೆ ಜೋತುಬಿದ್ದೆವು.

"ಹೂಂ, ಒತ್ರಿ! ಎಡಕ್ಕ! ಇನ್ನೂ ಎಡಕ್ಕ!"

ಟಪ್!

"ಬಂತು!" ಎಂದು ಕೂಗಿದೆ. ಖರೆ, ನಟ್ಟು ಬಂದಿತ್ತು. ಒಳಗಿನ ಬೋಲ್ಟು ಮುರಿದು, ಅದರ ಅರ್ಧ ತುಂಡನ್ನೂ ಜೊತೆಗೆ ಕರೆದುಕೊಂಡೇ ಬಂದಿತ್ತು.

ನನಗೆ ಹಟ ಇನ್ನೂ ಏರಿತು. ಚಾಣ, ಸುತ್ತಿಗೆ ಹಿಡಿದು ಉಳಿದ ನಾಲ್ಕರ ಮೇಲೆ ಬಿದ್ದೆ. ಆ ಸದ್ದಿನಲ್ಲಿ ನಮ್ಮವರು ಬಂದು ಏನೋ ಕೇಳಿದರು, ನಾನು ಹೂಂ ಎಂದೆ. ಏನು ಕೇಳಿದರೋ ದೇವರಿಗೇ ಗೊತ್ತು. ಬೆವರು ಕಣ್ಣಿಗೆ ಇಳಿದಾಗ ತಲೆಯೆತ್ತದೆ ಕೈ ಚಾಚಿದೆ. "ರೀ, ನೀರು ಕೊಡ್ರಿ."

ತಂಬಿಗೆ ಬಂತು. ಬಳೆ ತೊಟ್ಟ ಕೈಯಿಂದ ಬಂತು!

"ನಿಮ್ಮವ್ರು ಆಗಳೇ ಹೋದ್ರಲ್ರೀ ಯಕ್ಕಾ" ಎಂದಳು ಯಮನಪ್ಪನ ಹೆಂಡತಿ. "ಜೀಪ ಬಿಚಗೊಂಡು, ಸೀರಿ ತಗೊಂಡು ಹೋದ್ರು. ನೀವ ಹೂಂ ಅಂದ್ರಿ."

ತಿರುಗಿ ನೋಡಿದೆ. ಗಾಲಿಮನೆಯ ಮುಂದೆ ಜೀಪಿರಲಿಲ್ಲ. ಫೋನಿನಲ್ಲಿ ಗಂಟೆ ನೋಡಿದೆ. ಹನ್ನೆರಡಕ್ಕೆ ಐದು ನಿಮಿಷ. ಮುಧೋಳದಲ್ಲಿ ಆ ಹುಡುಗಿಯನ್ನು ಮಣೆಯ ಮೇಲೆ ಕೂರಿಸುತ್ತಿರುತ್ತಾರೆ. ಅವಳು ಹುಟ್ಟಿದಾಗ ಮೊದಲ ನೀರೆರೆದವಳು ನಾನು. ಅವಳ ಕುಬಸದ ಸೀರೆಯ ಅಂಚಿನ ಬಣ್ಣಕ್ಕಾಗಿ ನಮ್ಮವರೊಂದಿಗೆ ಎರಡು ದಿನ ಜಗಳವಾಡಿದವಳು ನಾನು. ಈಗ ಕೈಗೆ ಮಸಿ ಬಳಿದುಕೊಂಡು ರಸ್ತೆಯಲ್ಲಿ ಕೂತವಳೂ ನಾನೇ. ತಂಬಿಗೆಯ ನೀರಿನಿಂದ ಮುಖವನ್ನೂ ತೊಳೆದುಕೊಂಡೆ. ಅದರಿಂದ ಕಣ್ಣೀರಿಗೂ ಸ್ವಲ್ಪ ಅನುಕೂಲವಾಯಿತು.

ಕುಬಸ ತಪ್ಪಿತು, ಗಾಲಿಯನ್ನಾದರೂ ಬಿಡಬಾರದು ಎಂದು ಮತ್ತೆ ಸುತ್ತಿಗೆ ಎತ್ತುವಷ್ಟರಲ್ಲಿ ಬೈಕೊಂದು ಬಂದು ನಿಂತಿತು. ನಮ್ಮವರು ಮುಧೋಳಕ್ಕೆ ಹೋಗುವ ಮೊದಲು ಹಿಂದಿರುಗಿ ಚಿಮ್ಮಡಕ್ಕೆ ಹೋಗಿ ಫಿಟರ್‌ಗೆ ಹೇಳಿದ್ದರಂತೆ. ಬಿಳಿ ಗಡ್ಡದ ಮುದುಕ, ಹೆಸರು ದಸ್ತಗೀರ. ಕುಕ್ಕರಗಾಲಿನಲ್ಲಿ ಕುಳಿತು ಗಾಲಿಯನ್ನು ಬಹಳ ಹೊತ್ತು ನೋಡಿದ.

"ಯಾವ ಕಡೆ ತಿರಿವಿದ್ರಿ ಅಕ್ಕಾರ?"

"ಬಿಚ್ಚೂ ಕಡೆ. ಎಡಕ್ಕ."

"ಇದು ಹಳೇ ಜೀಪಿನ ಗಾಲಿ ಐತ್ರಿ. ಇದಕ್ಕ ಎಡಗಡೆ ಗಾಲಿ ನಟ್ಟು ಉಲ್ಟಾ ಇರ್ತಾವು. ಬಲಕ್ಕ ತಿರಿವಿದ್ರ ಬಿಚ್ಚತಾವು." ಬಹಳ ಮರ್ಯಾದೆಯಿಂದ ಹೇಳಿದ, "ನೀವು ಭಾಳ ಛಲೋ ಬಿಗಿ ಮಾಡೀರಿ."

ಎರಡೂವರೆ ತಾಸು! ಮೂರು ಮಂದಿ! ಒಂದು ಪೈಪು! ಯಮನಪ್ಪ ಕೆಮ್ಮುತ್ತ ಕಬ್ಬಿನ ಕಡೆಗೆ ಮುಖ ತಿರುಗಿಸಿದ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ದಸ್ತಗೀರ ಒಂದು ಸಣ್ಣ ಅಳತೆಯ ಪಾನಾವನ್ನು ದುಂಡಗಾದ ನಟ್ಟಿನ ಮೇಲೆ ಬಡಿದು ಕೂರಿಸಿದ. "ಕೊಡ್ರಿ ಇಲ್ಲೆ" ಎಂದು ನಾನೇ ಹಿಡಿದೆ. ಬಲಕ್ಕೆ ಒತ್ತಿದೆ. ಕಿರ್ ಎಂದು ನಟ್ಟು ಅಲುಗಿತು. ಮೂರು ಹಾಗೆ ಬಂದವು. ನಾಲ್ಕನೆಯದನ್ನು ಅವನು ಚಾಣದಿಂದ ಸೀಳಿಯೇ ತೆಗೆಯಬೇಕಾಯಿತು. ಸ್ಟೆಪ್ನಿ ಹಾಕಿ, ತನ್ನ ಚೀಲದಿಂದ ನಾಲ್ಕು ಹೊಸ ನಟ್ಟು ಕೊಟ್ಟು, "ಸಾವಕಾಶ ಹೋಗ್ರಿ, ನಾಳೆ ಮುರದ ಬೋಲ್ಟು ಹಾಕಸ್ರಿ" ಎಂದು ಹೇಳಿ ಹೋದ.

ನಮ್ಮವರು ಬಂದದ್ದು ಮೂರು ಗಂಟೆಗೆ, ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಹೋಳಿಗೆ ಡಬ್ಬಿ.

"ಕುಬಸ ಛಲೋ ಆತು. ಸೀರಿ ಭಾಳ ಒಪ್ಪಿತು ಆ ಹುಡುಗಿಗೆ. ಎಲ್ಲಾರೂ ನಿನ್ನ ಕೇಳಿದ್ರು."

"ನೀವೇನಂದ್ರಿ?"

"ನಟ್ಟ ಬಿಚ್ಚಾಕತ್ತಾಳ, ಬರ್ತಾಳ ಅಂದೆ."

"ಇಲ್ರಿ" ಎಂದೆ ಮೆಲ್ಲಗೆ, "ಬಿಗಿ ಮಾಡಾಕತ್ತಿದ್ದೆ."

ಎಲ್ಲವನ್ನೂ ಕೇಳಿ ಅವರು ನಗಲಿಲ್ಲ. ಬಣ್ಣ ಆರಿಸುವವರಿಗೆ ಅಷ್ಟು ಸೂಕ್ಷ್ಮ ಇರುತ್ತದೆ. ಮುಧೋಳ ತಲುಪುವವರೆಗೂ ತಡೆದುಕೊಂಡರು. ನಾದಿನಿಯ ಬಾಗಿಲಲ್ಲಿ ಇಳಿದ ಕೂಡಲೇ ಜೀಪಿನ ಬಾನೆಟ್ಟಿಗೆ ತಲೆ ಕೊಟ್ಟು, ನೆರೆದ ಬೀಗರಿಗೆಲ್ಲ ವಿವರವಾಗಿ ಹೇಳಿಕೊಂಡು ನಕ್ಕರು!

ಗಾಲಿಮನೆಯ ಬಾಗಿಲು ತೆರೆದು, ಪರದೆ ಸರಿಸಿ, ಒಲೆ ಹಚ್ಚಿ ಚಹಾಕ್ಕೆ ಇಟ್ಟು ಕಾದೆ. ಒಳಗೆ ಒಬ್ಬರೂ ಬರಲಿಲ್ಲ. ಹೊರಗೆ ಎಲ್ಲರೂ ಎಡಗಡೆ ಗಾಲಿಯ ಸುತ್ತ ಬಾಗಿ ನಿಂತಿದ್ದರು. ಬಸುರಿ ಹುಡುಗಿ ಕೂಡ ಹಸಿರು ಸೀರೆಯಲ್ಲಿ, ಸೊಂಟಕ್ಕೆ ಕೈಯಿಟ್ಟು, "ಅತ್ತೀ, ಹೆಂಗ ಅಂತ ತೋರಸ್ರಿ" ಎಂದಳು.

ಅವಳು ಕೇಳಿದ ಮೇಲೆ ಇಲ್ಲ ಎನ್ನಲಾಗಲಿಲ್ಲ. ಇಳಿದು ಬಂದು ಪಾನಾ ಹಿಡಿದು, ತಿಳಿದವಳ ಗತ್ತಿನಿಂದ, "ನೋಡ್ರಿ, ಈ ನಟ್ಟು ಬಿಚ್ಚಬೇಕಂದ್ರ ಹಿಂಗ ತಿರುವಬೇಕು" ಎಂದು ಜೋರಾಗಿ ಒತ್ತಿದೆ.

ನಾದಿನಿ ನನ್ನ ಮೊಣಕೈ ಹಿಡಿದಳು.

"ವೈನೀ, ಮತ್ತ ಬಿಗಿ ಮಾಡಾಕತ್ತೀರಿ!"