ಸನ್ನಿವೇಲಿನಲ್ಲಿ ದೃಷ್ಟಿ ತೆಗೆದದ್ದು

ಸೂರಿನಲ್ಲಿ ಕೂತ ಒಂಟಿಗಣ್ಣ, ಸಾಸಿವೆ ಸಿಡಿದರೆ ಅರಚುತ್ತಾನೆ. ಯಾರವನು? ತಲೆ ಕೆರೆದುಕೊಳ್ಳಬೇಡಿ, ಮೈಸೂರಲ್ಲಿ ಕೂತವರಿಗೆ ಹೊಳೆಯಲ್ಲ. ಅಮೆರಿಕದ ಮನೆಗಳ ಚಾವಣಿಗೆ ಅಂಟಿಸಿರುತ್ತಾರಲ್ಲ, ಒಂದೇ ಕೆಂಪು ದೀಪದ, ಹೊಗೆ ಬಂದರೆ ಕೂಗುವ ಅಲಾರಮ್ಮು, ಅದು. ಇಂಟರ್ನೆಟ್ ಕಂಪನಿಗಳು ಅಣಬೆಯಂತೆ ಎದ್ದ ಡಾಟ್‌ಕಾಮ್ ಕಾಲದಲ್ಲಿ, ನಾನು ಹೈಸ್ಕೂಲನ್ನು ಅಲ್ಲರ್ಧ ಇಲ್ಲರ್ಧ ಓದುತ್ತಿದ್ದಾಗ, ನಮ್ಮ ಮನೆ ಆಳಿದ್ದು ಅದೇ. ಒಂದು ರಗಳೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ಹಾಲು

ಆಗ ಅಮೆರಿಕದ ಸನ್ನಿವೇಲಿನಲ್ಲಿ ಕೆಲಸ ಸಿಗೋದು ಸುಲಭ, ಅಪಾರ್ಟ್‌ಮೆಂಟು ಸಿಗೋದು ಕಷ್ಟ. ಇಂಟರ್ನೆಟ್ಟಿನಲ್ಲಿ ನಾಯಿಗೆ ಸ್ವೆಟರು ಮಾರುವ ಕಂಪನಿಯ ಇಂಜಿನಿಯರಾದ ನಮ್ಮಪ್ಪ ಕ್ಯೂ ನಿಂತು, ಹಲ್ಲು ಗಿಂಜಿ, ಒಂದು ಮನೆ ಹಿಡಿದರು. ಮೊದಲ ದಿನವೇ ಅಮ್ಮ ಶಾಸ್ತ್ರಕ್ಕೆ ಹಾಲು ಉಕ್ಕಿಸಿದಳು. ಕೆಂಪಗೆ ಕಾದ ಕರೆಂಟು ಒಲೆಯ ಮೇಲೆ ಹಾಲು ಚೆಲ್ಲಿ ಹೊಗೆಯೋ ಹೊಗೆ. ಅಲಾರಮ್ಮು ಕೂಗಿತು. ಬಿಲ್ಡಿಂಗಿನ ಮ್ಯಾನೇಜರು ಓಡಿಬಂದ.

"ಹಾಲಿಟ್ಟು ಮರೆತುಬಿಟ್ಟಿರಾ?"

"ಇಲ್ಲ, ಯಾವಾಗ ಉಕ್ಕುತ್ತೋ ಅಂತ ಮೂರು ಜನಾನೂ ನಿಂತು ಕಾಯ್ತಿದ್ವಿ," ಅಂದೆ. ಅಪ್ಪ ನನ್ನ ತೋಳು ಚಿವುಟಿದರು.

ಅವನು ಹೋದ ಮೇಲೆ ಅಮ್ಮ ಅಂದಳು: "ಬರೀ ಹಾಲಿಗೇ ಇಷ್ಟು ಗಲಾಟೇನಾ? ನಾನಿನ್ನೂ ಒಗ್ಗರಣೆ ಹಾಕೇ ಇಲ್ವಲ್ಲೋ!"

ಚಾಮರ

ಒಗ್ಗರಣೆ ಹಾಕಿದ ದಿನ ಫೈರ್ ಇಂಜಿನ್ನೇ ಬಂತು. "ಇನ್ನೊಂದು ಸಲ ಕೂಗಿದರೆ ಮನೆ ಖಾಲಿ ಮಾಡಿ," ಅಂದ ಮ್ಯಾನೇಜರು.

ಅವತ್ತಿನಿಂದ ಕೆಳಗೆ ಅಮ್ಮ ಸಾಸಿವೆ ಸಿಡಿಸುವುದು, ಮೇಲೆ ಅಪ್ಪ ಕುರ್ಚಿ ಹತ್ತಿ ಟವೆಲಿನಿಂದ ಅಲಾರಮ್ಮಿಗೆ ಗಾಳಿ ಬೀಸುವುದು.

"ದೇವರಿಗೆ ಒಂದು ದಿನ ಕೈ ಮುಗಿದವರಲ್ಲ, ಇದಕ್ಕೆ ಚಾಮರ ಸೇವೆ!" ಅಂದಳು ಅಮ್ಮ.

"ದೇವರು ಮನೆ ಖಾಲಿ ಮಾಡಿಸಲ್ಲ ಕಣೇ."

ದೃಷ್ಟಿ

ಅಷ್ಟರಲ್ಲಿ ನಾಯಿ ಸ್ವೆಟರಿನ ಕಂಪನಿ ಮುಳುಗುತ್ತಿದೆ ಅಂತ ಸುದ್ದಿ. "ಯಾರದೋ ಕಣ್ಣು ಬಿದ್ದಿದೆ," ಅಂದಳು ಅಮ್ಮ. ನನ್ನನ್ನೂ ಅಪ್ಪನನ್ನೂ ನೆಲದ ಮೇಲೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ಒಲೆಗೆ ಸುರಿದಳು. ಅಪ್ಪ ಟವೆಲಿಗೆ ಕೈ ಚಾಚಿದರು. "ಏಳಬಾರದು ರೀ, ಎದ್ದರೆ ದೃಷ್ಟಿ ಹೋಗಲ್ಲ!" ಅಂದಳು.

ಐದು ನಿಮಿಷದಲ್ಲಿ ಇಡೀ ಬಿಲ್ಡಿಂಗು ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೆಮ್ಮುತ್ತಿತ್ತು.

"ಏನು ಸುಟ್ಟಿರಿ?" ಮ್ಯಾನೇಜರು ಕಣ್ಣೊರೆಸಿಕೊಂಡು ಕೇಳಿದ.

"ಕೆಟ್ಟ ಕಣ್ಣು," ಅಂದೆ.

"ಯಾರ ಕಣ್ಣು?"

ನಾನು ಅವನನ್ನೇ ದಿಟ್ಟಿಸಿ ನೋಡಿದೆ. ಅಪ್ಪ ತಲೆ ಚಚ್ಚಿಕೊಂಡರು. ಅಮ್ಮ ಮಾತ್ರ ಕೆಮ್ಮುತ್ತಲೇ ಹಿಗ್ಗಿದಳು: "ಘಾಟು ಬಂತಲ್ಲ ರೀ! ದೃಷ್ಟಿ ಆಗಿದ್ದರೆ ಘಾಟೇ ಬರ್ತಿರಲಿಲ್ಲ. ನಮಗೇನೂ ಆಗೇ ಇಲ್ಲ!"

ಮ್ಯಾನೇಜರು ಧೊಪ್ಪನೆ ಕೂತ. "ವಾರಕ್ಕೊಬ್ಬರು ಕೆಲಸ ಕಳೆದುಕೊಂಡು ಮನೆ ಬಿಡ್ತಿದ್ದಾರೆ. ಈ ಬಿಲ್ಡಿಂಗಿಗೂ ಒಂದು ಸಲ ತೆಗೀರಮ್ಮ," ಅಂದ. ಅಮ್ಮ ಅಲ್ಲೇ ನಿವಾಳಿಸಿದಳು. ನಮ್ಮ ಮನೆ ಉಳಿಯಿತು.

ಎಲ್ಲಿ ಉಳಿಯಿತು! ಈ ಕೊನೆ ನಾನು ಕಟ್ಟಿದ್ದು. ಕೆಮ್ಮು ನಿಂತ ತಕ್ಷಣ ಅವನು ಹೇಳಿದ್ದು ಒಂದೇ ಮಾತು: "ಔಟ್!" ಪಕ್ಕದೂರು ಮಿಲ್ಪಿಟಾಸಿಗೆ ಸಾಮಾನು ಸಾಗಿಸುವಾಗ ಅಮ್ಮ ಅಂದಳು: "ನಾನು ಹೇಳಲಿಲ್ವಾ, ದೃಷ್ಟಿ ಅಲ್ಲ ರೀ. ಆ ಮನೆ ವಾಸ್ತುವೇ ಸರಿ ಇರಲಿಲ್ಲ."